ಬಂಡೆಯ ಬಿರುಕಿನಲ್ಲಿ ಕವಚ ತೊಟ್ಟವರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಪಠ್ಯ. ಭಾಷಣಕಾರರು ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನ್ನನ್ನು ಕರೆದಾಗ ‘ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆ ಬಗ್ಗೆ ಏನಾದರೂ ಹೇಳಿ, ಮಕ್ಕಳಿಗೆ ಸ್ಫೂರ್ತಿ ಬರುತ್ತೆ’ ಎಂದಿದ್ದರು. ಆ ವಿಷಯ ಈಗ ಎಲ್ಲರ ಮೊಬೈಲಿನಲ್ಲೂ ಇದೆ, ನಾನು ಬಂದು ಹೇಳಬೇಕಾಗಿಲ್ಲ. ನಮ್ಮ ಶಾಲೆಯ ಹಿಂದಿನ ಬಂಡೆಗಳ ಮೇಲೆ ದಿನವೂ ನಡೆಯುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆದ್ದರಿಂದ ಇವತ್ತು ಹಲ್ಲಿಗಳ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಕವಚ ತೊಟ್ಟ ಹಲ್ಲಿಗಳ ಒಂದು ಕುಟುಂಬದ ಬಗ್ಗೆ, ಅವು ಬದುಕುವ ಜಾಗದ ಬಗ್ಗೆ, ಮತ್ತು ಆ ಕುಟುಂಬಕ್ಕೆ ನೆಂಟರಾಗಬೇಕಾದ ನಮ್ಮ ಘಾಟಿಯ ಜೀವಿಗಳ ಬಗ್ಗೆ. ಕೊನೆಯಲ್ಲಿ ಸಮಿತಿಯವರ ಹತ್ತಿರ ಒಂದು ಬೇಡಿಕೆಯೂ ಇದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮೈಕು ಕಿತ್ತುಕೊಳ್ಳುತ್ತಾರೆ, ಹಾಗಾಗಿ ಕೊನೆಗೇ ಹೇಳುತ್ತೇನೆ.

ಮೊದಲು ಆ ಕುಟುಂಬದ ಪರಿಚಯ. ವಿಜ್ಞಾನಿಗಳು ಅದನ್ನು ಕಾರ್ಡಿಲಿಡೆ ಎಂದು ಕರೆಯುತ್ತಾರೆ. ಇದರಲ್ಲಿ ಸುಮಾರು 70 ಜಾತಿಗಳಿವೆ. ಎಲ್ಲವೂ ಆಫ್ರಿಕಾ ಖಂಡದಲ್ಲಿ, ಅದರಲ್ಲೂ ಹೆಚ್ಚಿನವು ದಕ್ಷಿಣ ಆಫ್ರಿಕಾದಲ್ಲಿ. ಬೇರೆ ಯಾವ ಖಂಡದಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಇವುಗಳ ಹೆಸರು ಗರ್ಡಲ್ಡ್ ಲಿಜರ್ಡ್. ಗರ್ಡಲ್ ಎಂದರೆ ಸೊಂಟಪಟ್ಟಿ. ನಮ್ಮ ಅಜ್ಜಿಯರು ಮದುವೆಗಳಲ್ಲಿ ಹಾಕಿಕೊಳ್ಳುತ್ತಿದ್ದ ಡಾಬು ನೆನಪಿಸಿಕೊಳ್ಳಿ. ಈ ಹಲ್ಲಿಯ ಮೈಮೇಲೆ, ಬಾಲದ ಮೇಲೆ ಮುಳ್ಳುಮುಳ್ಳಾದ ಹುರುಪೆಗಳು ಸುತ್ತು ಸುತ್ತಾಗಿ, ಡಾಬಿನ ಮೇಲೆ ಡಾಬು ಕಟ್ಟಿದ ಹಾಗೆ ಇರುತ್ತವೆ. ನಾನು ಇವನ್ನು ‘ಡಾಬಿನ ಓತಿ’ ಎಂದೇ ಕರೆಯುವುದು. ನೀವೂ ಇವತ್ತಿನ ಮಟ್ಟಿಗೆ ಹಾಗೇ ಕರೆಯಿರಿ.

ಕೆಲಸದ ಮೇಲೆ ಕೆಲವು ತಿಂಗಳು ಕೇಪ್‌ಟೌನ್ ನಗರದಲ್ಲಿದ್ದೆ. ಆ ನಗರದ ನೆತ್ತಿಯ ಮೇಲೆ ಟೇಬಲ್ ಮೌಂಟನ್ ಎಂಬ ಬೆಟ್ಟವಿದೆ, ಮೇಜಿನ ಹಾಗೆ ಚಪ್ಪಟೆ. ಒಂದು ಭಾನುವಾರ ಹತ್ತಿದಾಗ ಬಂಡೆಯ ಮೇಲೆ ಕಪ್ಪಗೆ, ಮೊಸಳೆಯ ಮರಿಯಂಥ ಒಂದು ಹಲ್ಲಿ ಬಿಸಿಲು ಕಾಯಿಸುತ್ತಿತ್ತು. ಅದು ಕಾರ್ಡಿಲಸ್ ನೈಗರ್, ಕಪ್ಪು ಡಾಬಿನ ಓತಿ. ಆ ಊರಿನ ಕಡಲ ಚಳಿಗಾಳಿಯಲ್ಲಿ ಕಪ್ಪು ಮೈ ಬೇಗ ಬಿಸಿಯಾಗುತ್ತದೆ ಎಂದು ಅಲ್ಲಿನವರು ವಿವರಿಸಿದರು. ನಾನು ಎರಡು ಹೆಜ್ಜೆ ಮುಂದಿಟ್ಟೆ. ಅದು ಓಡಿಹೋಗಲಿಲ್ಲ. ನಿಧಾನಕ್ಕೆ ಹಿಂದಕ್ಕೆ ಸರಿದು ಬಂಡೆಯ ಬಿರುಕಿನೊಳಗೆ ಸೇರಿಕೊಂಡಿತು. ನಮ್ಮೂರಿನ ಓತಿಕ್ಯಾತವಾದರೆ ಅಷ್ಟು ಹೊತ್ತಿಗೆ ಮಾಕಳಿದುರ್ಗ ದಾಟಿರುತ್ತಿತ್ತು!

ಯಾಕೆ ಓಡಲಿಲ್ಲ? ಕವಚದ ಗುಟ್ಟು ಅಲ್ಲೇ ಇರುವುದು. ಈ ಹಲ್ಲಿಗಳ ಹುರುಪೆಗಳ ಕೆಳಗೆ, ಚರ್ಮದ ಒಳಗೇ, ಪುಟ್ಟ ಪುಟ್ಟ ಮೂಳೆಯ ಬಿಲ್ಲೆಗಳಿವೆ. ಅವುಗಳಿಗೆ ಆಸ್ಟಿಯೋಡರ್ಮ್ ಎಂದು ಹೆಸರು. ಆಸ್ಟಿಯೋ ಎಂದರೆ ಮೂಳೆ, ಡರ್ಮ್ ಎಂದರೆ ಚರ್ಮ. ನಾವು ಚರ್ಮಮೂಳೆ ಅನ್ನೋಣ. ಮೊಸಳೆಯ ಬೆನ್ನು ಗಟ್ಟಿಯಾಗಿರುವುದು ಇದರಿಂದಲೇ. ಆದರೆ ಕವಚಕ್ಕೆ ಬೆಲೆ ಕೊಡಬೇಕು, ಪುಕ್ಕಟೆ ಸಿಗುವುದಿಲ್ಲ. ಕಬ್ಬಿಣದ ಅಂಗಿ ತೊಟ್ಟವನು ನೂರು ಮೀಟರ್ ಓಟದಲ್ಲಿ ಗೆಲ್ಲುತ್ತಾನೆಯೆ? ಸಂಶೋಧಕರು ಈ ಕುಟುಂಬದ ಹಲವು ಜಾತಿಗಳನ್ನು ಓಡಿಸಿ ನೋಡಿದ್ದಾರೆ: ಕವಚ ಭಾರವಾದಷ್ಟೂ ಓಟ ನಿಧಾನ. ಓಡಲಾಗದವನು ಮನೆಯ ಬಾಗಿಲಲ್ಲೇ ಇರಬೇಕು. ಹಾಗಾಗಿ ಈ ಹಲ್ಲಿಗಳಿಗೆ ಬಂಡೆಯ ಬಿರುಕೇ ಸರ್ವಸ್ವ. ಒಳಗೆ ಸೇರಿ ಮೈಯನ್ನು ಉಬ್ಬಿಸಿ ಕಲ್ಲಿಗೆ ಒತ್ತಿಕೊಂಡರೆ ಮುಳ್ಳುಹುರುಪೆಗಳು ಹಿಡಿದುಕೊಳ್ಳುತ್ತವೆ. ಹೊರಗೆಳೆಯಲು ಯಾರಿಂದಲೂ ಆಗುವುದಿಲ್ಲ.

ಅದೇ ಕುಟುಂಬದಲ್ಲಿ ಇದಕ್ಕೆ ತದ್ವಿರುದ್ಧ ಉಪಾಯ ಕಂಡುಕೊಂಡವೂ ಇವೆ. ಪ್ಲಾಟಿಸಾರಸ್ ಎಂಬ ಚಪ್ಪಟೆ ಹಲ್ಲಿಗಳಿಗೆ ಕವಚ ತೀರ ಕಡಿಮೆ. ಬದಲಿಗೆ ಮೈಯನ್ನೇ ಹಪ್ಪಳದ ಹಾಗೆ ಮಾಡಿಕೊಂಡಿವೆ. ಬೇರೆ ಯಾವ ಪ್ರಾಣಿಯೂ ತೂರಲಾಗದ ಸಣ್ಣ ಬಿರುಕಿಗೆ ನುಸುಳುತ್ತವೆ. ದಕ್ಷಿಣ ಆಫ್ರಿಕಾದ ಆಗ್ರಬೀಸ್ ಜಲಪಾತದ ಬಂಡೆಗಳ ಮೇಲೆ ಇವು ನೂರಾರು ಸಂಖ್ಯೆಯಲ್ಲಿದ್ದು, ನೀರಿನ ಬಳಿ ಹಾರುವ ಕರಿನೊಣಗಳನ್ನು ಎಗರಿ ಎಗರಿ ಹಿಡಿಯುತ್ತವೆ. ಒಂದು ಸಮಸ್ಯೆಗೆ ಎರಡು ಉತ್ತರ, ಎರಡೂ ಸರಿ. ಎಂಜಿನಿಯರಿಂಗ್ ಓದಿದವನಿಗೆ ಇದಕ್ಕಿಂತ ಖುಷಿ ಕೊಡುವ ವಿಷಯ ಇಲ್ಲ.

ಇನ್ನೊಂದು ಇದೆ, ಅದರ ಚಿತ್ರ ನೋಡಿದರೆ ಮಕ್ಕಳು ಮರೆಯುವುದಿಲ್ಲ. ಆರ್ಮಡಿಲೊ ಹಲ್ಲಿ. ಒಂದು ಗೇಣಿಗಿಂತ ಚಿಕ್ಕದು. ಬಂಡೆಯಿಂದ ದೂರದಲ್ಲಿ ವೈರಿಗೆ ಸಿಕ್ಕಿಬಿದ್ದರೆ ತನ್ನ ಬಾಲವನ್ನು ತಾನೇ ಬಾಯಲ್ಲಿ ಕಚ್ಚಿಕೊಂಡು ಉಂಗುರವಾಗುತ್ತದೆ. ನೋಡಲು ಥೇಟ್ ಕೋಡುಬಳೆ, ಮುಳ್ಳಿನ ಕೋಡುಬಳೆ. ಮೆತ್ತಗಿನ ಹೊಟ್ಟೆ ಒಳಗೆ, ಮುಳ್ಳೆಲ್ಲ ಹೊರಗೆ. ತಿನ್ನಲು ಬಂದವನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ತನ್ನ ಬಾಲ ತಾನೇ ಕಚ್ಚುವ ಪುರಾಣದ ಹಾವಿನ ನೆನಪಿನಲ್ಲಿ 2011ರಲ್ಲಿ ಇದಕ್ಕೆ ಊರೊಬೊರಸ್ ಎಂಬ ಹೊಸ ಕುಲನಾಮ ಕೊಟ್ಟರು. ಇದು ಹಲವು ಸದಸ್ಯರ ಗುಂಪಾಗಿ ಒಂದೇ ಬಿರುಕಿನಲ್ಲಿ ಬಾಳುತ್ತದೆ, ಗೆದ್ದಲು ತಿನ್ನುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು. ಇದು ಚೆಂದ ಕಾಣುತ್ತದೆ ಎನ್ನುವುದೇ ಇದಕ್ಕೆ ಶಾಪವಾಗಿದೆ. ಸಾಕುವ ಶೋಕಿಯವರಿಗೆ ಮಾರಲು ಕಳ್ಳರು ಬಿರುಕು ಒಡೆದು ಇಡೀ ಸಂಸಾರವನ್ನೇ ಹೊತ್ತೊಯ್ಯುತ್ತಾರೆ. ವರ್ಷಕ್ಕೆ ಒಂದು ಮರಿ ಹಾಕುವ ಜೀವಿ ಆ ನಷ್ಟವನ್ನು ತುಂಬಿಕೊಳ್ಳುವುದು ಯಾವಾಗ?

ಈ ಕುಟುಂಬದಲ್ಲಿ ಬಂಡೆ ಬಿಟ್ಟು ಬಯಲಿಗೆ ಇಳಿದದ್ದೂ ಒಂದಿದೆ. ಅದರ ಹೆಸರು ಸನ್‌ಗೇಜರ್, ಎಂದರೆ ಸೂರ್ಯನನ್ನು ನೋಡುವವನು. ಕುಟುಂಬದಲ್ಲೇ ಅತಿ ದೊಡ್ಡದು. ದಕ್ಷಿಣ ಆಫ್ರಿಕಾದ ಎತ್ತರದ ಹುಲ್ಲುಗಾವಲಿನಲ್ಲಿ ತಾನೇ ಬಿಲ ತೋಡಿ, ಬಿಲದ ಬಾಯಲ್ಲಿ ತಲೆಯೆತ್ತಿ ಸೂರ್ಯನಿಗೆ ಮುಖ ಮಾಡಿ ಕೂರುತ್ತದೆ, ಥೇಟ್ ಸಂಧ್ಯಾವಂದನೆಗೆ ಕುಳಿತವರ ಹಾಗೆ. ಆ ಹುಲ್ಲುಗಾವಲಿನಲ್ಲಿ ಮೆಕ್ಕೆಜೋಳದ ಹೊಲಗಳಾದವು, ಕಲ್ಲಿದ್ದಲಿನ ಗಣಿಗಳಾದವು. ಒಮ್ಮೆ ಉತ್ತ ನೆಲಕ್ಕೆ ಸನ್‌ಗೇಜರ್ ಮರಳಿ ಬರುವುದಿಲ್ಲ. ಉಳುಮೆ ಬಿಟ್ಟು ಹುಲ್ಲು ಮತ್ತೆ ಬೆಳೆದರೂ ಬರುವುದಿಲ್ಲ. ಈಗ ಅದು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಇಷ್ಟು ಹೇಳಿದ ಮೇಲೆ ಹಿಂದಿನ ಸಾಲಿನ ಹಿರಿಯರು ಕೇಳಬಹುದು: ‘ಅಪ್ಪಾ, ಆಫ್ರಿಕಾದ ಹಲ್ಲಿ ಕಟ್ಟಿಕೊಂಡು ಘಾಟಿಯವರಿಗೆ ಏನಾಗಬೇಕು?’

ಆಗಬೇಕಾದ್ದು ಇದೆ. ಹಲ್ಲಿಗಳ ವಂಶವೃಕ್ಷದಲ್ಲಿ ಈ ಡಾಬಿನ ಓತಿಗಳ ಹತ್ತಿರದ ದಾಯಾದಿ ಯಾರು ಗೊತ್ತೆ? ನಮ್ಮ ಹಾವುರಾಣಿ. ನಮ್ಮ ಬೇಲಿಯ ಬುಡದಲ್ಲಿ, ತರಗೆಲೆಯ ಕೆಳಗೆ ಸರಸರ ಹರಿಯುವ, ಕಂಚಿನ ಬಣ್ಣದ, ಎಣ್ಣೆ ಹಚ್ಚಿದಂತೆ ಹೊಳೆಯುವ ಹಾವುರಾಣಿ. ಅದಕ್ಕೂ ಅದೇ ಮನೆತನದ ಕವಚವಿದೆ. ಮೇಲೆ ನೋಡಿದರೆ ನುಣುಪು. ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹುರುಪೆ. ಪ್ರತಿ ಹುರುಪೆಯ ಕೆಳಗೆ ಚರ್ಮಮೂಳೆ, ಅದೂ ಒಂದೇ ಬಿಲ್ಲೆಯಲ್ಲ, ಹಲವು ಚೂರುಗಳನ್ನು ಜೋಡಿಸಿದ್ದು. ಅದಕ್ಕೇ ಕವಚ ಇದ್ದರೂ ಅದು ಹಾವಿನಂತೆ ಬಳುಕುತ್ತದೆ. ಆಫ್ರಿಕಾದ ದಾಯಾದಿ ಕವಚವನ್ನು ಮುಳ್ಳು ಮಾಡಿಕೊಂಡಿತು, ನಮ್ಮದು ಅದನ್ನು ರೇಷ್ಮೆಯ ಅಂಗಿಯ ಕೆಳಗೆ ಬಚ್ಚಿಟ್ಟುಕೊಂಡಿತು.

ನಮ್ಮ ಹಳ್ಳಿಗಳಲ್ಲಿ ಈ ಹಾವುರಾಣಿಗೆ ಬಹಳ ಕೆಟ್ಟ ಹೆಸರು. ಕಚ್ಚಿದರೆ ಬದುಕುವುದಿಲ್ಲ, ನೆಕ್ಕಿದರೂ ವಿಷ ಎನ್ನುತ್ತಾರೆ. ಕಂಡ ಕೂಡಲೇ ಪೊರಕೆ, ಕೋಲು, ಕಲ್ಲು. ಮಕ್ಕಳೆ, ಇದನ್ನು ಚೆನ್ನಾಗಿ ನೆನಪಿಟ್ಟುಕೊಂಡು ಮನೆಯಲ್ಲಿ ಹೇಳಿ: ಹಾವುರಾಣಿಗೆ ವಿಷವಿಲ್ಲ. ಹಾವುರಾಣಿಗೆ ಮಾತ್ರವಲ್ಲ, ಮನುಷ್ಯನ ಪ್ರಾಣಕ್ಕೆ ಅಪಾಯ ತರುವ ವಿಷದ ಹಲ್ಲಿ ನಮ್ಮ ಕರ್ನಾಟಕದಲ್ಲಿ ಒಂದೂ ಇಲ್ಲ. ಹಾವಿನ ಹಾಗೆ ಹರಿಯುತ್ತದೆ ಎಂಬ ಒಂದೇ ಕಾರಣಕ್ಕೆ ಅದರ ಹೆಸರಿಗೆ ಹಾವು ಸೇರಿಕೊಂಡಿತು, ಹೆಸರಿನಿಂದ ಹೆದರಿಕೆ ಬಂತು, ಹೆದರಿಕೆಯಿಂದ ಕಲ್ಲು ಬಂತು. ಅದು ತಿನ್ನುವುದು ಮಿಡತೆ, ಜಿರಲೆ, ಗೆದ್ದಲು, ಹುಳ. ಹಿಡಿದರೆ ಬಾಲ ಬಿಟ್ಟು ಓಡುತ್ತದೆ. ಬಿದ್ದ ಬಾಲ ವಿಲವಿಲ ಒದ್ದಾಡುವಾಗ ವೈರಿಯ ಗಮನ ಅತ್ತ ಹೋಗುತ್ತದೆ, ಒಡೆಯ ಇತ್ತ ಪಾರಾಗುತ್ತಾನೆ. ಮತ್ತೆ ಬೆಳೆಯುವ ಬಾಲದೊಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಇರುತ್ತದೆ. ಇದು ನಿಮ್ಮ ಜೀವಶಾಸ್ತ್ರದ ಪರೀಕ್ಷೆಗೂ ಉಪಯೋಗವಾದೀತು.

ವಿಷದ ಹಲ್ಲಿ ಎಂದ ಮೇಲೆ ಒಂದು ಮಾತು. ಅಮೆರಿಕದ ಮರುಭೂಮಿಯಲ್ಲಿ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿ ಇದೆ. ಅದರ ಮೈಯಲ್ಲೂ ಚರ್ಮಮೂಳೆಯ ಮಣಿಗಳ ಕವಚವಿದೆ. ಅದರ ಜೊಲ್ಲಿನಲ್ಲಿದ್ದ ಒಂದು ಪದಾರ್ಥವನ್ನು ಅಭ್ಯಾಸ ಮಾಡಿ ಸಕ್ಕರೆ ಕಾಯಿಲೆಗೆ ಎಕ್ಸೆನಟೈಡ್ ಎಂಬ ಔಷಧ ತಯಾರಿಸಿದರು. 2005ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ಜಗತ್ತೆಲ್ಲ ಮಾತಾಡುತ್ತಿರುವ, ಸಕ್ಕರೆಗೂ ತೂಕ ಇಳಿಸಲೂ ಕೊಡುವ ಹೊಸ ಚುಚ್ಚುಮದ್ದುಗಳ ಸಾಲಿಗೆ ಅದೇ ಮೊದಲನೆಯದು. ‘ಹಲ್ಲಿಯಿಂದ ಏನು ಪ್ರಯೋಜನ’ ಎಂದು ಕೇಳುವವರ ಮನೆಯಲ್ಲೇ ಸಕ್ಕರೆ ಕಾಯಿಲೆಯವರು ಇರುತ್ತಾರೆ. ಪ್ರಯೋಜನ ನಮಗೆ ಗೊತ್ತಾಗುವ ಮೊದಲೇ ಆ ಹಲ್ಲಿ ಅಳಿದಿದ್ದರೆ ಆ ದಾರಿ ತೆರೆಯುತ್ತಿತ್ತೆ?

ಈಗ ಬಂಡೆಗೆ ಬರೋಣ. ಬಿಸಿಲೇರಿದ ಮೇಲೆ ನಮ್ಮ ಗುಡ್ಡಗಳ ಮೇಲೆ ತಲೆ ಆಡಿಸುತ್ತ, ದಂಡ ಹೊಡೆಯುತ್ತ ಕೂರುವ ಬಂಡೆ ಓತಿಯನ್ನು ನೀವೆಲ್ಲ ನೋಡಿದ್ದೀರಿ. ಶಾಸ್ತ್ರೀಯ ಹೆಸರು ಸ್ಯಾಮೊಫಿಲಸ್ ಡಾರ್ಸಾಲಿಸ್. ಇದು ದಕ್ಷಿಣ ಭಾರತದ ಕಲ್ಲುಗುಡ್ಡಗಳ ಪ್ರಾಣಿ. ಇದಕ್ಕೆ ಮೂಳೆಯ ಕವಚವಿಲ್ಲ, ಇದರ ಕವಚ ವೇಗ ಮತ್ತು ಬಣ್ಣ. ಹೆಣ್ಣು, ಮರಿ ಎರಡೂ ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತವೆ. ಗಂಡು ಮಾತ್ರ ಮರಿ ಮಾಡುವ ಕಾಲದಲ್ಲಿ ಬೆನ್ನು ಕೆಂಪು, ಪಕ್ಕ ಕಪ್ಪು ಮಾಡಿಕೊಂಡು ಮದುಮಗನ ಹಾಗೆ ಮೆರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಠಾಕರ್ ಮತ್ತು ಅವರ ವಿದ್ಯಾರ್ಥಿಗಳು ಈ ಓತಿಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅವರು ಕಂಡದ್ದು: ಹೆಣ್ಣು ಎದುರಾದಾಗ ಗಂಡು ತೋರುವ ಬಣ್ಣವೇ ಬೇರೆ, ಇನ್ನೊಂದು ಗಂಡು ಎದುರಾದಾಗ ತೋರುವ ಬಣ್ಣವೇ ಬೇರೆ. ಜಗಳಕ್ಕೆ ನಿಂತರೆ ಬೆನ್ನು ಹಳದಿಗೆ, ಪಕ್ಕ ಕಿತ್ತಳೆಗೆ ತಿರುಗುತ್ತದೆ, ಅದೂ ನೋಡನೋಡುತ್ತಿದ್ದಂತೆ. ನಗರದ ಅಂಚಿನಲ್ಲಿ ಬದುಕುವ ಓತಿಗಳು, ಹಳ್ಳಿಗಾಡಿನವಕ್ಕಿಂತ ಬೇಗ, ಅಪಾಯದಿಂದ ತಪ್ಪಿಸಿಕೊಳ್ಳುವ ಜಾಗವನ್ನು ಕಲಿಯುತ್ತವೆ ಎಂದೂ ಅದೇ ತಂಡ ತೋರಿಸಿದೆ. ಅಂತೂ ಸಿಟಿ ಸೇರಿದವರು ಚುರುಕಾಗುತ್ತಾರೆ ಎಂಬುದು ಓತಿಗಳಲ್ಲೂ ಸಾಬೀತಾಯಿತು.

ನಮ್ಮ ಸಾಹಿತ್ಯದಲ್ಲಿ ಓತಿಗೆ ಗೌರವದ ಜಾಗ ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯಲ್ಲಿ ಎಲ್ಲರೂ ಬೆನ್ನು ಹತ್ತಿ ಹೋಗುವುದು ಒಂದು ಹಾರುವ ಓತಿಯನ್ನು. ಆ ಓತಿಯನ್ನು ಹುಡುಕಲು ಮಲೆನಾಡಿಗೆ ಹೋಗಬೇಕು. ಬಂಡೆ ಓತಿಯನ್ನು ನೋಡಲು ನಮ್ಮ ಮಕ್ಕಳು ಕಿಟಕಿ ತೆರೆದರೆ ಸಾಕು.

ಮೂರನೆಯವನು ಉಡ. ‘ಉಡದ ಪಟ್ಟು’ ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಿಲದಲ್ಲಿ ಮೈ ಉಬ್ಬಿಸಿ, ಉಗುರು ಊರಿ ಹಿಡಿದರೆ ಬಿಡಿಸಲು ಆಗುವುದಿಲ್ಲ. ಡಾಬಿನ ಓತಿ ಬಿರುಕಿನಲ್ಲಿ ಮಾಡುವುದನ್ನೇ ಇದು ಬಿಲದಲ್ಲಿ ಮಾಡುತ್ತದೆ. ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್ ಕೂಡ ಉಡದ ಕುಲದ್ದೇ. ಬೆಳೆದ ಕೊಮೊಡೊದ ತಲೆಯ ಚರ್ಮದೊಳಗೆ ಸರಪಳಿ ಹೆಣೆದಂತೆ ಚರ್ಮಮೂಳೆಗಳಿರುವುದನ್ನು 2019ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು.

ಉಡಕ್ಕೂ ನಮ್ಮ ಘಾಟಿಗೂ ಇರುವ ನಂಟು ಇನ್ನೂ ಸೊಗಸಾಗಿದೆ. ನಮ್ಮ ದೇವಸ್ಥಾನವನ್ನು ಸಂಡೂರಿನ ಘೋರ್ಪಡೆ ಅರಸರು ಅಭಿವೃದ್ಧಿಪಡಿಸಿದರು ಎಂದು ಇಲ್ಲಿ ಹಿಂದಿನಿಂದ ಹೇಳುತ್ತಾರೆ. ಘೋರ್ಪಡೆ ಎಂಬ ಮನೆತನದ ಹೆಸರು ಬಂದದ್ದು ಮರಾಠಿಯ ‘ಘೋರ್ಪಡ್’ ಎಂಬ ಪದದಿಂದ. ಘೋರ್ಪಡ್ ಎಂದರೆ ಉಡ! ಬಹಮನಿ ಕಾಲದಲ್ಲಿ ಆ ವಂಶದ ಹಿರಿಯನೊಬ್ಬ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದನೆಂಬುದು ಅವರ ಮನೆತನದ ಕತೆ. ಉಡದ ಸೊಂಟಕ್ಕೆ ಕಟ್ಟಿದ ಹಗ್ಗ ಒಬ್ಬ ಸೈನಿಕನ ಭಾರ ತಡೆಯುತ್ತದೆಯೆ ಎಂದು ಲೆಕ್ಕ ಹಾಕಲು ಹೋಗಬೇಡಿ, ಕತೆ ಕತೆಯೇ. ಆದರೆ ಉಡದ ಹೆಸರನ್ನು ಹೆಮ್ಮೆಯಿಂದ ಹೊತ್ತ ಮನೆತನದ ನೆನಪಿರುವ ಕ್ಷೇತ್ರ ನಮ್ಮದು ಎಂಬುದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ನಂಟು ಹುತ್ತದ್ದು. ಸುಬ್ರಹ್ಮಣ್ಯನ ಕ್ಷೇತ್ರದಲ್ಲಿ ಹುತ್ತಕ್ಕೆ ಹಾಲೆರೆಯುತ್ತೇವೆ, ನಾಗರಕಲ್ಲು ಪ್ರತಿಷ್ಠೆ ಮಾಡುತ್ತೇವೆ. ಹುತ್ತ ಕಟ್ಟಿದ್ದು ಗೆದ್ದಲು. ಅದರಲ್ಲಿ ಹಾವು ಸೇರಿಕೊಳ್ಳುವುದು ನಮಗೆ ಗೊತ್ತು. ಹೆಣ್ಣು ಉಡವೂ ಹಲವು ಸಲ ಹುತ್ತವನ್ನೇ ಅಗೆದು ಅದರೊಳಗೆ ಮೊಟ್ಟೆ ಇಟ್ಟು ಮುಚ್ಚುತ್ತದೆ. ಹುತ್ತದೊಳಗಿನ ಹದವಾದ ಬಿಸಿ, ತೇವ ಆ ಮೊಟ್ಟೆಗಳನ್ನು ಕಾಪಾಡುತ್ತವೆ. ನಾವು ನಾಗಪ್ಪನಿಗೆಂದು ಉಳಿಸಿದ ಹುತ್ತ ಉಡದ ಹೆರಿಗೆ ಮನೆಯೂ ಆಗಿರಬಹುದು. ಗೌರವ ನಾಗರಹಾವಿಗೆ ಮಾತ್ರ ಸಲ್ಲುತ್ತಿದೆ. ಪಕ್ಕದ ಮನೆಯವರಿಗೂ ಸ್ವಲ್ಪ ಸಲ್ಲಲಿ ಎಂಬುದಷ್ಟೇ ನನ್ನ ವಾದ.

ಉಡಕ್ಕೆ ನಾವು ಮಾಡಿದ್ದು ಕಡಿಮೆಯಲ್ಲ. ಮಾಂಸಕ್ಕೆ ಕೊಂದರು, ಎಣ್ಣೆಗೆ ಕೊಂದರು. ಖಂಜಿರ ವಾದ್ಯಕ್ಕೆ ಹಿಂದೆ ಉಡದ ಚರ್ಮವನ್ನೇ ಬಿಗಿಯುತ್ತಿದ್ದರು. ಈಗ ಆಡಿನ ಚರ್ಮ, ಸಿಂಥೆಟಿಕ್ ಬಂದಿವೆ, ನಾದವೇನೂ ನಿಂತುಹೋಗಿಲ್ಲ. ‘ಹತ್ತಾ ಜೋಡಿ’ ಎಂಬ ಹೆಸರಿನಲ್ಲಿ, ಅದೃಷ್ಟ ತರುವ ಗಿಡದ ಬೇರು ಎಂದು ಸುಳ್ಳು ಹೇಳಿ, ಉಡದ ಒಣಗಿದ ಅಂಗವನ್ನು ಮಾರುವ ಜಾಲವೂ ದೇಶದಲ್ಲಿದೆ. ಅದನ್ನು ಪೂಜೆಗೆ ಇಟ್ಟುಕೊಂಡವರಿಗೆ ತಾವು ಪೂಜಿಸುತ್ತಿರುವುದು ಏನೆಂದೇ ತಿಳಿದಿರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡ ಒಂದನೆಯ ಪರಿಶಿಷ್ಟದಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಕೊಂದರೆ, ಇಟ್ಟುಕೊಂಡರೆ, ಮಾರಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ಪ್ರಕಾರ ದಂಡ ಕನಿಷ್ಠ 25,000 ರೂಪಾಯಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಮ್ಮ ಹುಡುಗರು ತಿಳಿಯದೆ ತೊಂದರೆಗೆ ಸಿಕ್ಕಬಾರದು ಎಂದು ಹೇಳುತ್ತಿದ್ದೇನೆ.

ಮನೆಯ ವಿಷಯಕ್ಕೆ ಬರುತ್ತೇನೆ. ಈ ಎಲ್ಲ ಜೀವಿಗಳ ಮನೆ ಯಾವುದು? ಕಲ್ಲು. ನಮ್ಮ ಸೀಮೆಯ ಕಲ್ಲು ಭೂಮಿಯ ಮೇಲಿನ ಬಹಳ ಹಳೆಯ ಕಲ್ಲುಗಳಲ್ಲಿ ಸೇರಿದ್ದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಅಲ್ಲಿಯೇ ಫಲಕ ಹಾಕಿ, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಇಂಥ ಕಲ್ಲು ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಮೇಲ್ಪದರ ಎದ್ದು ಬರುತ್ತದೆ. ಎದ್ದ ಚಕ್ಕೆಗೂ ಕೆಳಗಿನ ಬಂಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಹೊರಗೆ ಕಾಲಿಡಲಾಗದಷ್ಟು ಬಂಡೆ ಸುಡುತ್ತಿದ್ದರೂ ಆ ಸಂದಿನೊಳಗೆ ತಂಪು. ಚಳಿಗಾಲದ ಬೆಳಗಿನಲ್ಲಿ ಅದೇ ಸಂದು ಬೆಚ್ಚಗೆ. ಗಿಡುಗ ಬರಲಾರದು, ಮುಂಗುಸಿಯ ಮೂತಿ ತೂರದು. ಕರೆಂಟಿಲ್ಲದ ಏಸಿ ರೂಮು, ಬಾಡಿಗೆಯಿಲ್ಲದ ಮನೆ. ಅದು ತಯಾರಾಗಲು ಬೇಕಾದದ್ದು ಸಾವಿರಾರು ವರ್ಷ. ಟ್ರೆಕ್ಕಿಂಗ್‌ಗೆ ಬಂದವನೊಬ್ಬ ಫೋಟೋಗಾಗಿ ಚಕ್ಕೆ ಎತ್ತಿ ಬಿಸಾಡಲು ಬೇಕಾದದ್ದು ಒಂದು ನಿಮಿಷ.

ಈ ಕಲ್ಲನ್ನೇ ನಂಬಿದ ಜೀವಿಗಳು ಎಷ್ಟಿವೆಯೆಂಬ ಲೆಕ್ಕ ಇನ್ನೂ ಮುಗಿದಿಲ್ಲ. ದಕ್ಷಿಣ ಭಾರತದ ಕಗ್ಗಲ್ಲಿನ ಬಂಡೆಗಳಲ್ಲಿ ಬದುಕುವ ಒಂದು ದೊಡ್ಡ ಹಲ್ಲಿಗೆ ಹೆಮಿಡ್ಯಾಕ್ಟಿಲಸ್ ಗ್ರ್ಯಾನಿಟಿಕೋಲಸ್ ಎಂದು ಹೆಸರಿಟ್ಟದ್ದು 2011ರಲ್ಲಿ. ಗ್ರ್ಯಾನಿಟಿಕೋಲಸ್ ಎಂದರೆ ಗ್ರಾನೈಟ್ ವಾಸಿ. ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ಕಾಲದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಪ್ರಾಣಿ ಅದು, ಅದೂ ಬೆಂಗಳೂರಿನ ಸುತ್ತಿನ ಸೀಮೆಯಲ್ಲಿ!

ಈಗ ಕಷ್ಟದ ಮಾತು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಜಮೀನಿನ ಬೆಲೆ ಏನಾಯಿತು, ಬೆಟ್ಟಗುಡ್ಡ ಏನಾದವು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಜಲ್ಲಿ, ಎಂ-ಸ್ಯಾಂಡ್, ಸೈಜುಗಲ್ಲು ಇಲ್ಲದೆ ಯಾರ ಮನೆಯೂ ಏಳುವುದಿಲ್ಲ. ಇಲ್ಲಿ ಕುಳಿತ ಎಷ್ಟೋ ಮಕ್ಕಳ ಅಪ್ಪಂದಿರು ಕ್ವಾರಿಯಲ್ಲಿ, ಕ್ರಷರ್‌ನಲ್ಲಿ ದುಡಿದು ಅವರನ್ನು ಓದಿಸುತ್ತಿದ್ದಾರೆ. ಅವರ ಅನ್ನಕ್ಕೆ ಕಲ್ಲು ಹಾಕುವ ಮಾತು ನಾನಾಡುವುದಿಲ್ಲ. ಆದರೆ ಪ್ರತಿ ಗುಡ್ಡವೂ ಕ್ವಾರಿಯಾಗಬೇಕಾಗಿಲ್ಲ, ಪ್ರತಿ ಕಲ್ಲುರಾಶಿಯೂ ಲೇಔಟ್ ಆಗಬೇಕಾಗಿಲ್ಲ. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಹಚ್ಚುವುದರಿಂದಂತೂ ಯಾರ ಹೊಟ್ಟೆಯೂ ತುಂಬುವುದಿಲ್ಲ. ತಂಗಡಿ, ಬಂದರೆ ಗಿಡಗಳ ಬುಡದಲ್ಲಿರುವ ಹಾವುರಾಣಿಗಳು, ಮಣ್ಣಿನಲ್ಲಿರುವ ಮೊಟ್ಟೆಗಳು ಸುಟ್ಟುಹೋಗುತ್ತವೆ, ಅಷ್ಟೆ.

ನಮ್ಮ ಜಿಲ್ಲೆಗೆ ಉಳಿಸಿಕೊಂಡ ಅನುಭವವೂ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು, 54 ಎಕರೆ, 2007ರಲ್ಲಿ ಭಾರತದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಇಡೀ ದೇಶಕ್ಕೆ ಮೊದಲನೆಯದು ನಮ್ಮ ಜಿಲ್ಲೆಯಲ್ಲಿದೆ! 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಬರೆಯಬೇಕು. ಬರೆಯುವ ಕೆಲಸಕ್ಕೆ ಹೈಸ್ಕೂಲು ಮಕ್ಕಳಿಗಿಂತ ಒಳ್ಳೆಯ ಕಣ್ಣು ಯಾರದು? ಎಂಟನೇ ತರಗತಿಯವರು ಒಂದು ನೋಟ್‌ಬುಕ್ ಶುರು ಮಾಡಿ. ದಿನಾಂಕ, ಹೊತ್ತು, ಜಾಗ, ಏನು ಕಂಡಿತು, ಏನು ಮಾಡುತ್ತಿತ್ತು: ಈ ಐದು ಕಾಲಂ ಸಾಕು. ಮುಟ್ಟುವುದು ಬೇಡ, ಹಿಡಿಯುವುದು ಬೇಡ, ಕಲ್ಲು ಎತ್ತುವುದು ಬೇಡ. ನಿಮ್ಮ ಮೇಷ್ಟ್ರ ಮೊಬೈಲಿನಿಂದ ಫೋಟೋ ತೆಗೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಅದೇ ಡೇಟಾ. ನಾನು ಆಫೀಸಿನಲ್ಲಿ ದಿನವೂ ಮಾಡುವ ಕೆಲಸವೂ ಅದೇ, ಡೇಟಾ ಒಪ್ಪ ಮಾಡುವುದು. ವ್ಯತ್ಯಾಸವೆಂದರೆ ನಿಮ್ಮ ಡೇಟಾ ಬಿಸಿಲು ಕಾಯಿಸುತ್ತದೆ, ಬಣ್ಣ ಬದಲಾಯಿಸುತ್ತದೆ.

ಇನ್ನು ನನ್ನ ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಬಯಲು ರಂಗಮಂದಿರ ಕಟ್ಟಬೇಕೆಂದು ಸಮಿತಿ ತೀರ್ಮಾನಿಸಿದೆ. ಬಹಳ ಒಳ್ಳೆಯ ತೀರ್ಮಾನ, ನಮ್ಮ ಬ್ಯಾಚಿನವರೂ ಕೈಜೋಡಿಸಿದ್ದೇವೆ. ನಕ್ಷೆ ನೋಡಿದೆ. ಮೈದಾನದ ಹಿಂದಿರುವ ಗುಂಡುಕಲ್ಲುಗಳ ರಾಶಿಯನ್ನು ಒಡೆದು, ಮಟ್ಟ ಮಾಡಿ, ಅಲ್ಲಿ ವೇದಿಕೆ ಎಂದಿದೆ. ನನ್ನ ವಿನಂತಿ ಇಷ್ಟೇ: ವೇದಿಕೆಯನ್ನು ಇಪ್ಪತ್ತು ಹೆಜ್ಜೆ ಈಚೆಗೆ ತನ್ನಿ. ಕಲ್ಲುರಾಶಿ ಹಾಗೇ ಇರಲಿ. ವೇದಿಕೆಗೆ ಹಿನ್ನೆಲೆ ಪರದೆ ಬೇಕಲ್ಲವೆ? ದೇವರೇ ಕಟ್ಟಿದ ಪರದೆ ಅದು, ಬಣ್ಣ ಬಳಿಯುವ ಖರ್ಚಿಲ್ಲ. ಈಚೆಗೆ ತಂದರೆ ತಳಪಾಯಕ್ಕೆ ಹೆಚ್ಚು ಖರ್ಚಾಗುತ್ತದೆ ಎಂದು ಗುತ್ತಿಗೆದಾರರು ಹೇಳಿದ್ದಾರಂತೆ. ಆ ಹೆಚ್ಚಿನ ಖರ್ಚನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ಇದನ್ನು ಗೆಳೆಯರೊಂದಿಗೆ ಮಾತಾಡಿಯೇ ಹೇಳುತ್ತಿದ್ದೇನೆ, ವೇದಿಕೆಯ ಹುಮ್ಮಸ್ಸಿನಲ್ಲಿ ಅಲ್ಲ.

ಆ ರಾಶಿಯಲ್ಲಿ ಬಂಡೆ ಓತಿಗಳಿವೆ, ಬುಡದಲ್ಲಿ ಹಾವುರಾಣಿಗಳಿವೆ. ಸನ್‌ಗೇಜರ್ ಕತೆ ಹೇಳಿದೆನಲ್ಲ, ಉತ್ತ ನೆಲಕ್ಕೆ ಅದು ಮರಳಿ ಬರುವುದಿಲ್ಲ. ಕಲ್ಲಿನದೂ ಅದೇ ಕತೆ. ಗಿಡ ಕಡಿದರೆ ಮತ್ತೆ ನೆಡಬಹುದು, ವನಮಹೋತ್ಸವ ಮಾಡಬಹುದು. ಒಡೆದ ಬಂಡೆಗೆ ವನಮಹೋತ್ಸವ ಇಲ್ಲ. ಶಾಲೆಗೆ 50 ವರ್ಷ ತುಂಬಿತೆಂದು ಸಂಭ್ರಮಿಸುತ್ತಿದ್ದೇವೆ. ಕೋಟಿಗಟ್ಟಲೆ ವರ್ಷ ತುಂಬಿದ ಹಿರಿಯರು ಹಿಂದೆ ಕುಳಿತಿದ್ದಾರೆ. ಅವರನ್ನೂ ಆಹ್ವಾನಿತರೆಂದೇ ಭಾವಿಸಿ ಅವರ ಜಾಗದಲ್ಲಿ ಇರಗೊಡೋಣ.

ಸಮಿತಿಯವರು ಚರ್ಚಿಸಿ ತೀರ್ಮಾನ ತಿಳಿಸಿದರೆ ಹೊಸ ನಕ್ಷೆ ಬರೆದುಕೊಡಲು ನಮ್ಮ ಬ್ಯಾಚಿನ ಸಿವಿಲ್ ಎಂಜಿನಿಯರ್ ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ. 

ಜೈ ಹಿಂದ್, ಜೈ ಕರ್ನಾಟಕ.